ಬಿಸಿಲು ಬಿದ್ದ ಹಿಮದ ಮೇಲೆ ಒಂದು ಬುಧವಾರ

ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಕಳೆದ ಸಂಚಿಕೆಯ ಈ ಅಂಕಣದ ಕೊನೆಯಲ್ಲಿ ಸ್ವಲ್ಪ ಜಾಗ ಉಳಿದಿತ್ತೆಂಬ ಒಂದೇ ಕಾರಣಕ್ಕೆ, ಮಗಳ ಮನೆಗೆಂದು ಜಪಾನಿಗೆ ಹೋಗಿದ್ದಾಗ ಮಾರ್ಚ್ ತಿಂಗಳ ಒಂದು ಬುಧವಾರ ನೀಗಾಟಾ ಪ್ರಾಂತ್ಯದ ಯುಜಾವಾ ಊರಿನ ಬಳಿ, ಹಿಮದ ಮೇಲೆ ಜಾರುವ ಸ್ಕೀ ಆಟದ ಸಣ್ಣ ತಾಣವೊಂದರಲ್ಲಿ ಬಿಸಿಲು ಕಾಯುತ್ತ ಹಗಲು ಕಳೆದ ಸಂಗತಿಯನ್ನು ಹತ್ತು ಸಾಲುಗಳಲ್ಲಿ ಬರೆದಿದ್ದೆ. ಆ ಹತ್ತು ಸಾಲಿಗೆ ಬಂದಷ್ಟು ಪತ್ರಗಳು ಈ ಅಂಕಣದ ಬೇರೆ ಯಾವ ಬರಹಕ್ಕೂ ಬಂದಿರಲಿಲ್ಲ. ಮೈಸೂರು, ಮಂಡ್ಯಗಳ ಎಷ್ಟೊಂದು ಮನೆಗಳ ಮಕ್ಕಳು ಈಗ ಟೋಕಿಯೊ, ಯೊಕೊಹಾಮಾಗಳಲ್ಲಿ ದುಡಿಯುತ್ತಿದ್ದಾರೆಂಬುದು ನನಗೆ ತಿಳಿದದ್ದು ಆ ಪತ್ರಗಳಿಂದಲೇ. ಮೂವತ್ತು ವರ್ಷ ಭೂಗೋಳ ಪಾಠ ಹೇಳಿದ ನಾನು ಹಿಮವನ್ನು ಕಣ್ಣಾರೆ ಕಂಡದ್ದು ನಿವೃತ್ತನಾದ ಮೇಲೆ. ಆದ್ದರಿಂದ ಇಲ್ಲಿನ ಉತ್ತರಗಳಲ್ಲಿ ಸ್ಕೀ ಪಟುವಿನ ಅನುಭವವನ್ನು ಯಾರೂ ಹುಡುಕಬಾರದು. ಒಂದು ದಿನ ಹೋಗಿ, ನಾಲ್ಕು ಬಾರಿ ಬಿದ್ದು, ಐದನೆಯ ಬಾರಿ ಜಾರಿ ಬಂದವನ ಮಾತುಗಳಿವು.

ಪ್ರಶ್ನೆ: ಮೇಷ್ಟ್ರೇ, ಮಗ ಮತ್ತು ಸೊಸೆ ಟೋಕಿಯೊದಲ್ಲಿದ್ದಾರೆ. ಬರುವ ಮಾರ್ಚ್‌ನಲ್ಲಿ ಎರಡು ವಾರಕ್ಕೆ ಹೋಗುತ್ತಿದ್ದೇವೆ. ಹಿಮ ನೋಡುವುದಕ್ಕೆಂದು ಸಿಗುವುದು ಒಂದೇ ದಿನ. ಉತ್ತರದ ಹೊಕ್ಕೈಡೊ ದ್ವೀಪ ನೋಡದಿದ್ದರೆ ಹೋಗಿಯೂ ವ್ಯರ್ಥ ಎಂದು ಎಲ್ಲರೂ ಹೇಳುತ್ತಾರೆ. ತಾವೇನು ಹೇಳುತ್ತೀರಿ?
ಕುವೆಂಪುನಗರದ ನಿವೃತ್ತ ದಂಪತಿ, ಮೈಸೂರು

ಉತ್ತರ: ಒಂದೇ ದಿನಕ್ಕಾದರೆ ಹೊಕ್ಕೈಡೊ ಬೇಡ. ಅಲ್ಲಿನ ನಿಸೆಕೊ, ಫುರಾನೊ ತಾಣಗಳ ಹಿಮ ಹಿಟ್ಟಿನಂತೆ ಹಗುರವಾಗಿರುತ್ತದೆ, ಅದಕ್ಕಾಗಿ ಆಸ್ಟ್ರೇಲಿಯಾದಿಂದಲೂ ಜನ ಬರುತ್ತಾರೆ, ನಿಜ. ಆದರೆ ಆ ಹಿಟ್ಟಿನ ಸುಖ ಸ್ಕೀ ಬಲ್ಲವರಿಗೆ. ಮೊದಲ ಸಲ ಹಿಮ ಮೆಟ್ಟುವವರಿಗೆ ಅದು ಸೊಂಟದವರೆಗೆ ಹೂತುಹೋಗುವ ಕಷ್ಟ. ಟೋಕಿಯೊದಿಂದ ಬೆಳಿಗ್ಗೆ ಹೊರಟು ಸಂಜೆ ಮರಳಬಹುದಾದ ಎರಡು ದಾರಿಗಳು ತಮ್ಮ ಮುಂದಿವೆ. ಒಂದು, ಜೋಯೆತ್ಸು ಶಿಂಕಾನ್ಸೆನ್ ಎಂಬ ಬುಲೆಟ್ ರೈಲು ಹಿಡಿದು ಸುಮಾರು ಒಂದೂಕಾಲು ಗಂಟೆಯಲ್ಲಿ ಯುಜಾವಾ ಸೇರುವುದು. ಅಲ್ಲಿಂದ ಸ್ವಲ್ಪ ಮುಂದಿರುವ ಗಾಲಾ ಯುಜಾವಾ ಎಂಬ ನಿಲ್ದಾಣವನ್ನು 1990ರಲ್ಲಿ ಕಟ್ಟಿದ್ದೇ ಸ್ಕೀಗಾಗಿ. ಚಳಿಗಾಲದಲ್ಲಿ ಮಾತ್ರ ರೈಲು ನಿಲ್ಲುವ ಆ ನಿಲ್ದಾಣದಲ್ಲಿ ಟಿಕೆಟ್ ಗೇಟು ದಾಟಿದರೆ ಎದುರಿಗೇ ಬಾಡಿಗೆ ಸಾಮಾನಿನ ಕೌಂಟರು, ಅದರಾಚೆ ಬೆಟ್ಟಕ್ಕೇರುವ ತೂಗುಪೆಟ್ಟಿಗೆ. ಇನ್ನೊಂದು, ಹೊಕುರಿಕು ಶಿಂಕಾನ್ಸೆನ್‌ನಲ್ಲಿ ಹೆಚ್ಚು ಕಡಿಮೆ ಅಷ್ಟೇ ಹೊತ್ತಿನಲ್ಲಿ ಕರುಯಿಜಾವಾ ಸೇರುವುದು. ಅಲ್ಲಿ ಆಕಾಶದಿಂದ ಬೀಳುವ ಹಿಮ ಕಡಿಮೆ, ಯಂತ್ರದಿಂದ ಚಿಮ್ಮಿಸಿ ಹರಡಿದ ಹಿಮವೇ ಹೆಚ್ಚು. ಆದರೆ ಬಿಸಿಲಿನ ದಿನಗಳು ಅಲ್ಲಿ ಧಾರಾಳ, ಎದುರಿಗೆ 2568 ಮೀಟರ್ ಎತ್ತರದ ಅಸಾಮಾ ಜ್ವಾಲಾಮುಖಿ ಕಾಣುತ್ತದೆ, ಮತ್ತು ಇಡೀ ಇಳಿಜಾರಿನ ಎತ್ತರ ನಮ್ಮ ಚಾಮುಂಡಿ ಬೆಟ್ಟ ಊರಿನಿಂದ ಎದ್ದಿರುವಷ್ಟೂ ಇಲ್ಲ. ಹಿಮದ ರಾಶಿಯನ್ನೇ ನೋಡಬೇಕೆಂದರೆ ಯುಜಾವಾ, ಬಿಸಿಲಿನಲ್ಲಿ ಹಾಯಾಗಿ ಕಲಿಯಬೇಕೆಂದರೆ ಕರುಯಿಜಾವಾ. ನನ್ನ ಓಟು ಯುಜಾವಾಕ್ಕೆ. ನಾಲ್ಕು ಅಡಿ ಗೋಡೆಯಂತೆ ನಿಂತ ಹಿಮದ ನಡುವೆ ನಡೆಯುವುದು ಬಯಲುಸೀಮೆಯವರಾದ ನಮಗೆ ಮತ್ತೆ ಸಿಗುವ ನೋಟವಲ್ಲ.

ದಿನ ಆರಿಸುವುದು ಊರು ಆರಿಸುವುದಕ್ಕಿಂತ ಮುಖ್ಯ. ಮಂಗಳವಾರ, ಬುಧವಾರ, ಗುರುವಾರಗಳಲ್ಲಿ ಒಂದನ್ನು ಇಟ್ಟುಕೊಳ್ಳಿ. ಫೆಬ್ರವರಿ 11 ಮತ್ತು 23 ಅಲ್ಲಿ ಸರ್ಕಾರಿ ರಜೆ, ಮಾರ್ಚ್ 20ರ ಆಸುಪಾಸಿನಲ್ಲಿ ವಿಷುವದಿನದ ರಜೆ, ತಿಂಗಳ ಕೊನೆಯಲ್ಲಿ ಶಾಲೆಗಳ ವಸಂತ ರಜೆ. ಇವುಗಳ ನಡುವೆ ಮಾರ್ಚ್ ಮೊದಲೆರಡು ವಾರಗಳ ಕೆಲಸದ ದಿನವೇ ನಮ್ಮಂಥವರಿಗೆ ಪ್ರಶಸ್ತ. ನಾನು ಹೋದ ಬುಧವಾರ, ತಂತಿಯಲ್ಲಿ ತೂಗುತ್ತ ಬೆಟ್ಟಕ್ಕೇರುವ ಲಿಫ್ಟಿನ ನಾಲ್ಕು ಕುರ್ಚಿಗಳಲ್ಲಿ ಮೂರು ಖಾಲಿಯಾಗಿಯೇ ಮೇಲೇರುತ್ತಿದ್ದವು. ಶಾಲಾ ಮಕ್ಕಳ ಒಂದು ತಂಡ ಮಾತ್ರ, ಎದೆಯ ಮೇಲೆ ಬಣ್ಣದ ನಂಬರು ಕಟ್ಟಿಕೊಂಡು, ಬಾತುಕೋಳಿ ಸಾಲಿನಂತೆ ತಮ್ಮ ಮೇಷ್ಟ್ರ ಹಿಂದೆ ಜಾರುತ್ತಿತ್ತು.

ಪ್ರಶ್ನೆ: ಟೋಕಿಯೊದಲ್ಲಿ ಹೊಳೆಯುವ ಬಿಸಿಲು, ರೈಲಿನಲ್ಲಿ ಒಂದೂಕಾಲು ಗಂಟೆ ಹೋದರೆ ಆಳೆತ್ತರದ ಹಿಮ ಎಂದು ಬರೆದಿದ್ದೀರಿ. ಇಷ್ಟು ಹತ್ತಿರದಲ್ಲಿ ಇಷ್ಟು ವ್ಯತ್ಯಾಸ ಹೇಗೆ ಸಾಧ್ಯ?
ವಿದ್ಯುತ್ ಇಲಾಖೆಯ ನಿವೃತ್ತ ನೌಕರರು, ಮಂಡ್ಯ

ಉತ್ತರ: ತಾವು ಮಂಡ್ಯದಲ್ಲಿ ಕೂತು ಈ ಪ್ರಶ್ನೆ ಕೇಳಿರುವುದು ನನಗೆ ಸಂತೋಷ ತಂದಿದೆ, ಏಕೆಂದರೆ ಉತ್ತರ ತಮ್ಮ ಊರಿನ ಹವೆಯಲ್ಲೇ ಇದೆ. ಮುಂಗಾರು ಗಾಳಿ ಅರಬ್ಬೀ ಸಮುದ್ರದ ತೇವ ಹೊತ್ತು ಬಂದು ಪಶ್ಚಿಮ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ಏರಿದಂತೆ ತಣ್ಣಗಾಗುತ್ತದೆ, ಹೊತ್ತದ್ದನ್ನೆಲ್ಲ ಆಗುಂಬೆಯ ಮೇಲೆ ಸುರಿದುಬಿಡುತ್ತದೆ. ಘಟ್ಟ ಇಳಿದು ಮೈಸೂರು, ಮಂಡ್ಯಕ್ಕೆ ಬರುವ ಹೊತ್ತಿಗೆ ಅದರ ಕೈ ಬರಿದು. ಆಗುಂಬೆಗೆ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ ಮೈಸೂರಿಗೆ ಬೀಳುವುದು ಸುಮಾರು 800. ಜಪಾನಿನಲ್ಲಿ ಇದೇ ಕಥೆ ಚಳಿಗಾಲದಲ್ಲಿ ನಡೆಯುತ್ತದೆ. ಸೈಬೀರಿಯಾದಿಂದ ಹೊರಟ ಒಣಗಿದ, ಕೊರೆಯುವ ಗಾಳಿ ಜಪಾನ್ ಸಮುದ್ರವನ್ನು ದಾಟಬೇಕು. ಆ ಸಮುದ್ರದಲ್ಲಿ ದಕ್ಷಿಣದಿಂದ ಬರುವ ತ್ಸುಶಿಮಾ ಎಂಬ ಬೆಚ್ಚನೆಯ ಪ್ರವಾಹವಿದೆ. ಬೆಚ್ಚನೆಯ ನೀರಿನ ಮೇಲೆ ತಣ್ಣನೆಯ ಗಾಳಿ ಹಾಯುವಾಗ, ಚಳಿಯ ಬೆಳಗಿನಲ್ಲಿ ಹಂಡೆಯ ಬಿಸಿನೀರಿನಿಂದ ಹಬೆಯೇಳುವಂತೆ, ತೇವ ಗಾಳಿಗೆ ಸೇರುತ್ತದೆ. ಆ ಗಾಳಿ ಟೋಕಿಯೊ ಇರುವ ಹೊನ್ಷು ದ್ವೀಪದ ನಡುಬೆನ್ನಿನ ಬೆಟ್ಟಸಾಲಿಗೆ ಬಡಿದು, ಪಶ್ಚಿಮದ ಮಗ್ಗುಲಿನ ನೀಗಾಟಾ, ನಾಗಾನೊ ಕಡೆಯ ಬೆಟ್ಟಗಳ ಮೇಲೆ ಹಿಮ ಸುರಿದು, ಪೂರ್ವಕ್ಕಿಳಿಯುವಾಗ ಮತ್ತೆ ಒಣಗಿರುತ್ತದೆ. ಹಾಗಾಗಿ ಟೋಕಿಯೊದ ಜನವರಿ ಎಂದರೆ ನೀಲಿ ಆಕಾಶ ಮತ್ತು ಒಡೆದ ತುಟಿ.

ಶಿಂಕಾನ್ಸೆನ್ ಆ ಬೆಟ್ಟಸಾಲನ್ನು ದಾಟುವುದು 22 ಕಿಲೋಮೀಟರ್ ಉದ್ದದ ದೈಶಿಮಿಜು ಸುರಂಗದಲ್ಲಿ. ಒಳಹೊಕ್ಕಾಗ ಹೊರಗೆ ಬೂದುಬಣ್ಣದ ಗದ್ದೆಗಳಿದ್ದವು. ಹೊರಬಂದಾಗ ಮನೆಗಳ ಸೂರು ಮಾತ್ರ ಕಾಣುತ್ತಿತ್ತು. ಇದೇ ಕಾರಣದಿಂದ ಯುಜಾವಾದಲ್ಲಿ ಜನವರಿಯ ಬಿಸಿಲಿನ ದಿನ ಅಪರೂಪ. ಮಾರ್ಚ್‌ನಲ್ಲಿ ಸೈಬೀರಿಯಾದ ಗಾಳಿ ಸಡಿಲವಾದ ಮೇಲೆ, ರಾಶಿ ಹಿಮ ಇನ್ನೂ ನೆಲದ ಮೇಲಿರುವಾಗಲೇ, ಆಕಾಶ ತೆರೆದುಕೊಳ್ಳುತ್ತದೆ. ಹಿಮವೂ ಬಿಸಿಲೂ ಒಟ್ಟಿಗೆ ಸಿಗುವ ಕಿಟಕಿ ಅದು.

ಪ್ರಶ್ನೆ: ಬಿಸಿಲು ಬಂದರೆ ಹಿಮ ಕರಗುವುದಿಲ್ಲವೆ? ಹಾಗಿರುವಾಗ ಬಿಸಿಲಿನ ದಿನವೇ ಒಳ್ಳೆಯದು ಎಂದು ಹೇಗೆ ಹೇಳುತ್ತೀರಿ? ನಮ್ಮ ಮನೆಯ ಹುಡುಗರು ಇಡೀ ದಿನ ಅಲ್ಲೇ ಇರುತ್ತೇವೆ ಎನ್ನುತ್ತಾರೆ.
ಸಕ್ಕರೆ ಕಾರ್ಖಾನೆಯ ಬಡಾವಣೆಯ ಗೃಹಿಣಿ, ಮಂಡ್ಯ

ಉತ್ತರ: ಬಂದ ಪತ್ರಗಳಲ್ಲೆಲ್ಲ ಒಳ್ಳೆಯ ಪ್ರಶ್ನೆ ಇದು, ತಾಯಿ. ಬಿಸಿಲಿನ ದಿನ ಇಡೀ ಒಳ್ಳೆಯದಲ್ಲ, ಅದರಲ್ಲಿ ಸುಮಾರು ಮೂರು ಗಂಟೆ ಮಾತ್ರ ಬಹಳ ಒಳ್ಳೆಯದು. ಯಾವ ಮೂರು ಗಂಟೆ ಎಂಬುದು ಗೊತ್ತಿದ್ದರೆ ಸಾಕು.

ಬೆಳಿಗ್ಗೆ ಎಂಟೂವರೆಗೆ ಲಿಫ್ಟು ಶುರುವಾದಾಗ ನಾವು ಕೆಳಗೆ ನಿಂತಿದ್ದೆವು. ಹಿಂದಿನ ದಿನದ ಬಿಸಿಲಿಗೆ ಕರಗಿದ ಮೇಲ್ಪದರ ರಾತ್ರಿಯ ಚಳಿಗೆ ಮತ್ತೆ ಹೆಪ್ಪುಗಟ್ಟಿತ್ತು. ರಾತ್ರಿಯೇ ಚಕ್ರಪಟ್ಟಿಯ ದೊಡ್ಡ ಯಂತ್ರಗಳು ಇಳಿಜಾರಿನ ಮೇಲೆ ಓಡಾಡಿ ಹಿಮವನ್ನು ಸಮಮಾಡಿ ಹೋಗಿರುತ್ತವೆ; ಅವು ಬಿಟ್ಟುಹೋದ ಗೆರೆಗಳು ಕುಂಟೆ ಹೊಡೆದ ಹೊಲದಂತೆ ನೇರವಾಗಿದ್ದವು. ನೋಡಲು ಚೆಂದ, ಆದರೆ ಕಾಲಿಟ್ಟರೆ ಕಲ್ಲು. ಬಲ್ಲವರು ಅದರ ಮೇಲೆ ಕರಕರ ಸದ್ದು ಮಾಡುತ್ತ ಬಾಣದಂತೆ ಹೋಗುತ್ತಾರೆ, ಹೊಸಬರು ಜಾರಿ ಬಿದ್ದರೆ ಮೊಣಕೈ ನೋಯುತ್ತದೆ. ಆ ಒಂದು ಗಂಟೆಯನ್ನು ಬೂಟು ಹಾಕಿಕೊಳ್ಳುವುದಕ್ಕೆ ಖರ್ಚು ಮಾಡುವುದು ಜಾಣತನ. ಸ್ಕೀ ಬೂಟನ್ನು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆಯುವುದೇ ಒಂದು ವಿದ್ಯೆ.

ಒಂಬತ್ತೂವರೆ ಹತ್ತರ ಹೊತ್ತಿಗೆ ಬಿಸಿಲು ಮೇಲಿನ ಒಂದೆರಡು ಅಂಗುಲವನ್ನು ಸಡಿಲಿಸುತ್ತದೆ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವುದು ಹತ್ತಾರು ದಿನ ನಡೆದಾಗ ಹಿಮದ ಸಣ್ಣ ಹರಳುಗಳು ಕರಗಿ ದೊಡ್ಡವಕ್ಕೆ ಸೇರಿಕೊಳ್ಳುತ್ತವೆ. ಹತ್ತಿಯ ಎಸಳಿನಂತಿದ್ದ ಹಿಮ ದುಂಡನೆಯ ಕಾಳುಗಳಾಗುತ್ತದೆ. ಇದಕ್ಕೆ ಜಪಾನೀಯರು ಇಟ್ಟಿರುವ ಹೆಸರು ಜರಾಮೆ. ಜರಾಮೆ ಎಂದರೆ ಅವರಲ್ಲಿ ಹರಳು ಸಕ್ಕರೆ. ನಮ್ಮ ಮಂಡ್ಯದ ಸಕ್ಕರೆಯ ಮೂಟೆಯನ್ನು ಬೆಟ್ಟದ ಮೇಲಿಂದ ಸುರಿದು ಅದರ ಮೇಲೆ ಜಾರಿದರೆ ಹೇಗಿದ್ದೀತು ಎಂದು ತಾವು ಊಹಿಸಿಕೊಂಡರೆ ಅಂದಾಜು ಸಿಕ್ಕಿತು. ಬೂಟಿಗೆ ಸಿಕ್ಕಿಸಿದ ಸ್ಕೀ ಪಟ್ಟಿಗಳು ಅದರ ಮೇಲೆ ಸರಾಗವಾಗಿ ತಿರುಗುತ್ತವೆ, ಬಿದ್ದರೂ ಪೆಟ್ಟಾಗುವುದಿಲ್ಲ. ಹತ್ತರಿಂದ ಒಂದರವರೆಗಿನ ಈ ಹೊತ್ತೇ ಕಲಿಯುವವರ ಹೊತ್ತು. ಪಾಠ ಹೇಳಿಸಿಕೊಳ್ಳುವುದಿದ್ದರೆ ಬೆಳಗಿನ ಪಾಳಿಯಲ್ಲೇ ಹೆಸರು ಬರೆಸಿ.

ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ಸಕ್ಕರೆ ಪಾಕವಾಗುತ್ತದೆ. ನೀರು ತುಂಬಿದ ಹಿಮ ಪಟ್ಟಿಯನ್ನು ಇದ್ದಕ್ಕಿದ್ದಂತೆ ಹಿಡಿದುಕೊಳ್ಳುತ್ತದೆ, ಪಟ್ಟಿ ನಿಂತರೂ ಮೈ ಮುಂದಕ್ಕೆ ಹೋಗುತ್ತದೆ, ಮೊಣಕಾಲು ತಿರುಚುವುದು ಆಗಲೇ. ದಣಿವೂ ಅದೇ ಹೊತ್ತಿಗೆ ಬರುತ್ತದೆ. ಕಲಿಯುವವರ ಇಳಿಜಾರುಗಳು ಸಾಮಾನ್ಯವಾಗಿ ಬೆಟ್ಟದ ಬುಡದಲ್ಲಿರುವುದರಿಂದ ಎಲ್ಲಕ್ಕಿಂತ ಮೊದಲು ಕೆಸರಾಗುವವೂ ಅವೇ. ಉತ್ತರಕ್ಕೆ ಮುಖ ಮಾಡಿದ ಮೇಲಿನ ಇಳಿಜಾರುಗಳು ಇನ್ನೊಂದೆರಡು ಗಂಟೆ ತಾಳಿಕೊಳ್ಳುತ್ತವೆ. ಹುಡುಗರು ಸಂಜೆಯವರೆಗೂ ಇರಲಿ, ಆದರೆ ಒಂದೂವರೆಯ ನಂತರ ಪಟ್ಟಿ ಬಿಚ್ಚಿಟ್ಟು ಬೇಕಿದ್ದರೆ ಹಿಮದುಂಡೆ ಎಸೆದಾಡಿಕೊಳ್ಳಲಿ. ಹಗ್ಗ ಕಟ್ಟಿದ ಗಡಿಯಾಚೆ ಮಾತ್ರ ಯಾವ ಹೊತ್ತಿನಲ್ಲೂ ಹೋಗಕೂಡದು. ಬಿಸಿಲಿಗೆ ಸಡಿಲಗೊಂಡ ಹಿಮ ಕಡಿದಾದ ಜಾಗದಲ್ಲಿ ಒಟ್ಟಾಗಿ ಕುಸಿದು ಬರುತ್ತದೆ.

ಪ್ರಶ್ನೆ: ನಾವು ಮೈಸೂರಿನ ಏಪ್ರಿಲ್ ಬಿಸಿಲನ್ನೇ ತಲೆಯ ಮೇಲೆ ಹೊತ್ತವರು. ಐದಾರು ಡಿಗ್ರಿ ಚಳಿಯ ಬಿಸಿಲಿಗೆ ಕಪ್ಪು ಕನ್ನಡಕ, ಮುಲಾಮು ಎಲ್ಲ ಬೇಕೆ?
ಇಂಜಿನಿಯರಿಂಗ್ ವಿದ್ಯಾರ್ಥಿ, ವಿಜಯನಗರ, ಮೈಸೂರು

ಉತ್ತರ: ನಾನೂ ಹೀಗೆಯೇ ಅಂದುಕೊಂಡಿದ್ದೆ, ಅದರ ಫಲವನ್ನೂ ಉಂಡೆ. ಬಿಸಿಲು ಸುಡುವುದು ಶಾಖದಿಂದಲ್ಲ, ಅತಿನೇರಳೆ ಕಿರಣದಿಂದ. ಸಾವಿರ ಮೀಟರ್ ಮೇಲೇರಿದರೆ ಅದು ಸುಮಾರು ಶೇಕಡ 10ರಷ್ಟು ಹೆಚ್ಚುತ್ತದೆ. ಅದಕ್ಕಿಂತ ದೊಡ್ಡ ಸಂಗತಿ ನೆಲದ್ದು. ಹುಲ್ಲು ನೆಲ ಆ ಕಿರಣದ ಹತ್ತನೆಯ ಒಂದು ಪಾಲನ್ನೂ ಹಿಂದಿರುಗಿಸುವುದಿಲ್ಲ, ಹೊಸ ಹಿಮ ಶೇಕಡ 80ರವರೆಗೆ ಹಿಂದಿರುಗಿಸುತ್ತದೆ. ಅಂದರೆ ತಮಗೆ ಎರಡು ಸೂರ್ಯರು, ಒಬ್ಬ ತಲೆಯ ಮೇಲೆ, ಇನ್ನೊಬ್ಬ ಕಾಲಕೆಳಗೆ. ಟೋಪಿ ಮೇಲಿನವನನ್ನು ತಡೆಯುತ್ತದೆ, ಕೆಳಗಿನವನನ್ನು ತಡೆಯುವುದಿಲ್ಲ. ನನಗೆ ಸುಟ್ಟದ್ದು ಗದ್ದದ ಅಡಿ ಮತ್ತು ಮೂಗಿನ ಹೊಳ್ಳೆಯ ಅಂಚು. ಅಲ್ಲೆಲ್ಲ ಮುಲಾಮು ಹಚ್ಚಬೇಕೆಂದು ಮಗಳು ಹೇಳಿದ್ದನ್ನು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಕಪ್ಪು ಮೈಬಣ್ಣದವರಿಗೆ ಇದು ಅನ್ವಯಿಸುವುದಿಲ್ಲ ಎಂಬ ಮಾತನ್ನು ನಂಬಬೇಡಿ.

ಕಣ್ಣಿನ ವಿಚಾರ ಇನ್ನೂ ಗಂಭೀರ. ಫೋಟೊ ತೆಗೆಯುವ ನೆಪದಲ್ಲಿ ಗಾಗಲ್ ಕಳಚಿ ಬರೀ ಓದುವ ಕನ್ನಡಕದಲ್ಲಿ ಒಂದೂವರೆ ಗಂಟೆ ಇದ್ದೆ. ಆಗ ಏನೂ ಆಗಲಿಲ್ಲ. ರಾತ್ರಿ ಎಂಟಕ್ಕೆ ಕಣ್ಣಿಗೆ ಮರಳು ಎರಚಿದಂತಾಗಿ ನೀರು ಸುರಿಯತೊಡಗಿತು, ದೀಪ ನೋಡಲಾಗಲಿಲ್ಲ. ಹಿಮಗುರುಡು ಎಂದು ಕರೆಯಬಹುದಾದ ಇದು ಕಣ್ಣಿನ ಮೇಲ್ಪದರಕ್ಕೆ ತಗಲುವ ಬಿಸಿಲುಸುಟ್ಟ ಗಾಯ. ಗಂಟೆಗಳಾದ ಮೇಲೆ ಕಾಣಿಸಿಕೊಳ್ಳುವುದೇ ಅದರ ಮೋಸ. ಉಜ್ಜಬಾರದು, ಕತ್ತಲ ಕೋಣೆಯಲ್ಲಿ ತಣ್ಣೀರಿನ ಬಟ್ಟೆ ಹಾಕಿಕೊಂಡಿರಬೇಕು, ವೈದ್ಯರಿಗೆ ತೋರಿಸಬೇಕು. ನನಗೆ ಎರಡು ದಿನದಲ್ಲಿ ಸರಿಹೋಯಿತು. ಕನ್ನಡಕದ ಮೇಲೆ ಕೂರುವ ದೊಡ್ಡ ಗಾಗಲ್ ಬಾಡಿಗೆಯ ಅಂಗಡಿಯಲ್ಲೇ ಸಿಗುತ್ತದೆ, ಕೇಳಿ ಪಡೆಯಿರಿ.

ಪ್ರಶ್ನೆ: ನಮ್ಮ ಅತ್ತೆಯವರಿಗೆ ಎಪ್ಪತ್ತೆರಡು. ಸೀರೆ ಬಿಟ್ಟು ಬೇರೆ ಉಡುವುದಿಲ್ಲ. ಅವರನ್ನು ಕರೆದುಕೊಂಡು ಹೋಗಬಹುದೆ? ಬಿಸಿನೀರಿನ ಬುಗ್ಗೆಯಲ್ಲಿ ಸ್ನಾನ ಮಾಡಿಸಬೇಕೆಂದೂ ಆಸೆ.
ಸರಸ್ವತಿಪುರಂನ ಸೊಸೆ, ಮೈಸೂರು

ಉತ್ತರ: ಧಾರಾಳವಾಗಿ ಕರೆದೊಯ್ಯಿರಿ. ಸ್ಕೀ ಮಾಡದವರಿಗೂ ತೂಗುಪೆಟ್ಟಿಗೆಯಲ್ಲಿ ಮೇಲೇರಿ ಇಳಿಯುವ ಟಿಕೆಟು ಹಲವು ಕಡೆ ಉಂಟು, ಮೇಲೆ ಕೂತು ನೋಡಲು ಗಾಜಿನ ಗೋಡೆಯ ಹೋಟೆಲೂ ಇರುತ್ತದೆ. ಸೀರೆಯ ಅಂಚು ಹಿಮದಲ್ಲಿ ನೆನೆದು ಭಾರವಾಗುತ್ತದೆ. ಒಳಗೆ ಉಣ್ಣೆಯ ಕಾಲುಚೀಲದಂಥ ಉಡುಪು ಹಾಕಿಸಿ, ಸೀರೆಯನ್ನು ಗಿಡ್ಡವಾಗಿ ಉಡಿಸಿ, ಮೊಣಕಾಲುದ್ದದ ರಬ್ಬರು ಬೂಟು ತೊಡಿಸಿದರೆ ಆಯಿತು. ನಮ್ಮ ಮಂಕಿ ಟೋಪಿಯನ್ನು ನೋಡಿ ಅಲ್ಲಿ ಯಾರೂ ನಗುವುದಿಲ್ಲ.

ಬುಗ್ಗೆಯ ಸ್ನಾನಕ್ಕೆ ಎರಡು ಎಚ್ಚರಿಕೆಗಳಿವೆ. ಅಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕೊಳಗಳು, ಆದರೆ ಒಳಗೆ ಬಟ್ಟೆಯಿಲ್ಲದೆ, ಮೊದಲು ಪಕ್ಕದಲ್ಲಿ ಕೂತು ಮೈ ತೊಳೆದುಕೊಂಡೇ ಇಳಿಯಬೇಕು. ಹಚ್ಚೆ ಇರುವವರನ್ನು ಬಿಡದ ಸ್ನಾನಗೃಹಗಳೂ ಬಹಳ. ಅದು ಪುಂಡರ ಗುಂಪಿನ ಗುರುತೆಂಬ ಹಳೆಯ ಕಾರಣಕ್ಕೆ. ನಮ್ಮ ಅಜ್ಜಿಯರ ಮುಂಗೈಯ ರಂಗೋಲಿ ಹಚ್ಚೆಗೂ ಪಾಪ ಅದೇ ಕಾನೂನು ತಗಲುತ್ತದೆ. ಒಂದು ಗಂಟೆಗೆ ಕುಟುಂಬಕ್ಕೇ ಬಾಡಿಗೆಗೆ ಕೊಡುವ ಪ್ರತ್ಯೇಕ ಕೊಳವನ್ನು ವಿಚಾರಿಸಿದರೆ ಎರಡು ಮುಜುಗರವೂ ತಪ್ಪುತ್ತದೆ. ರಕ್ತದೊತ್ತಡವಿದ್ದರೆ ಐದು ನಿಮಿಷ ಸಾಕು.

ಪ್ರಶ್ನೆ: ನಾವು ಮೊಟ್ಟೆಯನ್ನೂ ಮುಟ್ಟದವರು. ಬೆಟ್ಟದ ಮೇಲೆ ಊಟಕ್ಕೆ ಏನು ಗತಿ?
ಅಗ್ರಹಾರದ ಓದುಗರು, ಮೈಸೂರು

ಉತ್ತರ: ಬುತ್ತಿಯೇ ಗತಿ. ಸ್ಕೀ ತಾಣದ ಹೋಟೆಲುಗಳಲ್ಲಿ ಸಿಗುವುದು ಕಟ್ಸು ಕರಿ, ರಾಮೆನ್, ಉದೊನ್. ಮೊದಲನೆಯದರಲ್ಲಿ ಕರಿದ ಹಂದಿಮಾಂಸವಿರುತ್ತದೆ, ಎರಡನೆಯದರ ಸಾರು ಮಾಂಸದ್ದು. ಉದೊನ್ ನೋಡಲು ಗೋಧಿ ಶಾವಿಗೆಯಂತೆ ನಿರ್ಮಲವಾಗಿ ಕಂಡರೂ ಅದರ ತಿಳಿಸಾರಿಗೆ ಒಣಗಿಸಿದ ಬೊನಿಟೊ ಮೀನಿನ ಚೂರು ಬಿದ್ದಿರುತ್ತದೆ. ಮಾಂಸ ಬೇಡ ಎಂದು ಹೇಳಿದರೂ, ಮೀನಿನ ಸಾರು ಮಾಂಸದ ಲೆಕ್ಕಕ್ಕೆ ಬರುವುದಿಲ್ಲ ಎಂಬುದೇ ಅವರ ತಿಳಿವಳಿಕೆ. ಸುಳ್ಳು ಹೇಳುವ ಉದ್ದೇಶ ಯಾರಿಗೂ ಇಲ್ಲ. ಹುರಿದ ಆಲೂಗಡ್ಡೆ, ಬಿಳಿ ಅನ್ನ, ಉಪ್ಪಿನಲ್ಲಿಟ್ಟ ಉಮೆ ಹಣ್ಣು ತುಂಬಿದ ಅನ್ನದ ಉಂಡೆ, ಇಷ್ಟರಲ್ಲಿ ಹೊಂದಿಸಿಕೊಳ್ಳಬಹುದು. ಉಂಡೆ ಕೊಳ್ಳುವಾಗಲೂ ಹಿಂಬದಿಯ ಪದಾರ್ಥಗಳ ಪಟ್ಟಿಯನ್ನು ಮಕ್ಕಳಿಂದ ಓದಿಸಿ.

ನಾವು ಮಗಳ ಮನೆಯಿಂದ ಪುಳಿಯೋಗರೆ ಕಟ್ಟಿಕೊಂಡು ಹೋಗಿದ್ದೆವು. ಚಳಿಯಲ್ಲಿ ಅನ್ನ ಗಟ್ಟಿಯಾಗುತ್ತದೆ. ಎಣ್ಣೆ ಒಂದು ಚಮಚ ಮುಂದಿರಲಿ. ಮೊಸರನ್ನ ಖಂಡಿತ ಬೇಡ. ಹೋಟೆಲಿನ ಮೇಜಿನ ಮೇಲೆ ಸ್ವಂತ ಡಬ್ಬಿ ಬಿಚ್ಚುವುದನ್ನು ಅಲ್ಲಿ ಒಪ್ಪುವುದಿಲ್ಲ, ಬುತ್ತಿಯವರಿಗೆ ವಿಶ್ರಾಂತಿ ಕೊಠಡಿ ಬೇರೆ ಇದೆಯೇ ಎಂದು ಕೇಳಿಕೊಳ್ಳಿ. ಮೈಸೂರಿನಿಂದ ಗೊಜ್ಜು, ಚಟ್ನಿಪುಡಿ ಒಯ್ಯಬಹುದು. ಆದರೆ ಹಸಿ ಹಣ್ಣು, ತರಕಾರಿಗಳನ್ನು ಸಸ್ಯ ತಪಾಸಣೆಯ ಪ್ರಮಾಣಪತ್ರವಿಲ್ಲದೆ ಒಳಗೆ ಬಿಡುವುದಿಲ್ಲ. ನಂಜನಗೂಡಿನ ರಸಬಾಳೆಯನ್ನು ಮೊಮ್ಮಕ್ಕಳಿಗೆಂದು ಚೀಲದಲ್ಲಿಟ್ಟರೆ ವಿಮಾನ ನಿಲ್ದಾಣದಲ್ಲೇ ಬಿಟ್ಟು ಹೋಗಬೇಕಾದೀತು.

ಪ್ರಶ್ನೆ: ಆಟಕ್ಕೆ ಬಿಟ್ಟರೆ ಆ ಹಿಮದಿಂದ ಅಲ್ಲಿನ ರೈತನಿಗೆ ಏನು ಪ್ರಯೋಜನ? ವರ್ಷದಲ್ಲಿ ನಾಲ್ಕು ತಿಂಗಳು ನೆಲವೇ ಕಾಣದಿದ್ದರೆ ಬದುಕುವುದು ಹೇಗೆ?
ಭತ್ತದ ಬೆಳೆಗಾರರು, ಪಾಂಡವಪುರ, ಮಂಡ್ಯ ಜಿಲ್ಲೆ

ಉತ್ತರ: ಯಜಮಾನರೇ, ತಮಗೆ ಕನ್ನಂಬಾಡಿ ಕಟ್ಟೆ ಹೇಗೋ ಅವರಿಗೆ ಆ ಬೆಟ್ಟದ ಹಿಮ ಹಾಗೆ. ಚಳಿಗಾಲದಲ್ಲಿ ಬಿದ್ದದ್ದು ಬೆಟ್ಟದ ಮೇಲೆ ಕಟ್ಟೆಯಿಲ್ಲದೆಯೇ ನಿಂತಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕರಗಿ, ನಾಟಿಯ ಹೊತ್ತಿಗೆ ಸರಿಯಾಗಿ ಗದ್ದೆಗಿಳಿಯುತ್ತದೆ. ಯುಜಾವಾ ಸೇರಿದ ಉವೊನುಮಾ ಸೀಮೆಯಲ್ಲಿ ಬೆಳೆಯುವ ಕೊಶಿಹಿಕರಿ ಅಕ್ಕಿಗೆ ಜಪಾನಿನಲ್ಲೇ ದೊಡ್ಡ ಹೆಸರು, ದೊಡ್ಡ ಬೆಲೆ. ಕೊಶಿಹಿಕರಿ 1956ರಲ್ಲಿ ನೋಂದಣಿಯಾದ ತಳಿ. ಬೆಟ್ಟದ ತಂಪು ನೀರು, ಹಗಲಿನ ಬಿಸಿ, ರಾತ್ರಿಯ ಚಳಿ ಸೇರಿ ಅದಕ್ಕೆ ಆ ರುಚಿ ಬರುತ್ತದೆಂದು ಅಲ್ಲಿಯವರ ಮಾತು. ನಾನು ಉಂಡೆ, ಅಂಟು ಹೆಚ್ಚು, ಸಾರು ಕಲಸಲು ನಮ್ಮ ಸೋನಾ ಮಸೂರಿಯೇ ಸರಿ.

ಊರಿನ ರಸ್ತೆಗಳ ನಡುವೆ ಸಾಲಾಗಿ ಸಣ್ಣ ತೂತುಗಳಿದ್ದು ಅವುಗಳಿಂದ ಅಂತರ್ಜಲ ಚಿಮ್ಮುತ್ತಿರುತ್ತದೆ. ನೆಲದೊಳಗಿನ ನೀರು ಹಿಮಕ್ಕಿಂತ ಬೆಚ್ಚಗಿರುವುದರಿಂದ ರಸ್ತೆಯ ಮೇಲೆ ಬಿದ್ದದ್ದು ಬಿದ್ದಂತೆ ಕರಗಿ ಹರಿದುಹೋಗುತ್ತದೆ. ಆ ನೀರಿನ ಕಬ್ಬಿಣದಂಶದಿಂದ ಇಡೀ ರಸ್ತೆ ತುಕ್ಕುಗೆಂಪು. ಮೊದಲ ನೋಟಕ್ಕೆ ನಮ್ಮ ಕೆಮ್ಮಣ್ಣಿನ ದಾರಿಯೇ ಎಂದು ಭ್ರಮಿಸಿದೆ.

ಹಿಮದ ಮೇಲೆ ಬಿದ್ದ ಬಿಸಿಲನ್ನೇ ದುಡಿಸಿಕೊಳ್ಳುವ ಕಸುಬೊಂದು ಆ ಸೀಮೆಯಲ್ಲಿದೆ. ಎಚಿಗೊ ಜೋಫು ಎಂಬುದು ರೇಮಿ ಗಿಡದ ನಾರಿನಿಂದ ನೇಯುವ ತೆಳುವಾದ ಬೇಸಿಗೆಯ ಬಟ್ಟೆ. ಫೆಬ್ರವರಿ, ಮಾರ್ಚ್ ತಿಂಗಳ ಬಿಸಿಲಿನ ದಿನಗಳಲ್ಲಿ ಅದನ್ನು ಉದ್ದುದ್ದಕ್ಕೆ ಹಿಮದ ಬಯಲಿನ ಮೇಲೆ ಹಾಸುತ್ತಾರೆ. ಹಿಮ ಆವಿಯಾಗುವಾಗ ಬಿಸಿಲಿಗೆ ಹುಟ್ಟುವ ಓಝೋನ್ ಬಟ್ಟೆಯ ಕಲೆಯನ್ನು ತೆಗೆದು ಬಿಳುಪು ಮಾಡುತ್ತದೆ ಎಂದು ವಿವರಿಸುತ್ತಾರೆ. ಈ ನೇಯ್ಗೆಯನ್ನು ಯುನೆಸ್ಕೊ 2009ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದೆ. ರೇಷ್ಮೆ ಊರಿನವನಾದ ನನಗೆ ಸ್ಕೀಗಿಂತ ಇದನ್ನು ನೋಡುವ ಆಸೆಯೇ ಹೆಚ್ಚಾಗಿತ್ತು, ಆ ದಿನ ಎಲ್ಲೂ ಬಟ್ಟೆ ಹಾಸಿರಲಿಲ್ಲ.

ಪ್ರಶ್ನೆ: ಒಬ್ಬರಿಗೆ ಎಷ್ಟು ಖರ್ಚು? ಜನ ಇಲ್ಲದೆ ಖಾಲಿ ಹೊಡೆಯುತ್ತಿತ್ತು ಎನ್ನುತ್ತೀರಿ, ಹಾಗಾದರೆ ಅವರ ವ್ಯಾಪಾರ ನಡೆಯುವುದು ಹೇಗೆ?
ಕಿರಾಣಿ ವರ್ತಕರು, ಮದ್ದೂರು

ಉತ್ತರ: ಈಚಿನ ದರದಲ್ಲಿ 100 ಯೆನ್ನಿಗೆ 55ರಿಂದ 60 ರೂಪಾಯಿ ಎಂದಿಟ್ಟುಕೊಳ್ಳಿ. ಟೋಕಿಯೊದಿಂದ ಯುಜಾವಾಕ್ಕೆ ಶಿಂಕಾನ್ಸೆನ್ ಒಂದು ಕಡೆಗೆ ಸುಮಾರು 6500 ಯೆನ್. ದಿನದ ಲಿಫ್ಟ್ ಟಿಕೆಟು ತಾಣವನ್ನು ನೋಡಿಕೊಂಡು 5000ದಿಂದ 8000. ಪಟ್ಟಿ, ಬೂಟು, ಕೋಲು, ಜೊತೆಗೆ ನೀರು ತಾಗದ ಉಡುಪು ಎಲ್ಲ ಬಾಡಿಗೆಗೆ ಪಡೆದರೆ ಹೆಚ್ಚು ಕಡಿಮೆ ಅಷ್ಟೇ. ಊಟ, ಪಾಠ ಸೇರಿ ಒಬ್ಬರಿಗೆ 30000 ಯೆನ್, ನಮ್ಮ ಲೆಕ್ಕದಲ್ಲಿ ಹದಿನೇಳು ಹದಿನೆಂಟು ಸಾವಿರ ರೂಪಾಯಿ. ರೈಲು ಮತ್ತು ಲಿಫ್ಟು ಸೇರಿಸಿ ಮಾರುವ ಟಿಕೆಟು ಕೆಲಸದ ದಿನಗಳಿಗೆ ಅಗ್ಗ. ಪ್ರಯಾಣ ವಿಮೆ ಮಾಡಿಸುವಾಗ ಸ್ಕೀ ಗಾಯ ಅದರಲ್ಲಿ ಸೇರಿದೆಯೇ ಎಂದು ಓದಿ ಸಹಿ ಹಾಕಿ. ಬಾಡಿಗೆಯ ಕೌಂಟರಿನಲ್ಲಿ ತೂಕ ಕೇಳುತ್ತಾರೆ. ಸಂಕೋಚಕ್ಕೆ ಹತ್ತು ಕಿಲೊ ಕಡಿಮೆ ಹೇಳಬೇಡಿ, ಬಿದ್ದಾಗ ಬೂಟಿನಿಂದ ಪಟ್ಟಿ ಕಳಚಿಕೊಳ್ಳುವ ಬಿಗಿಯನ್ನು ಆ ತೂಕ ನೋಡಿಯೇ ಹೊಂದಿಸುತ್ತಾರೆ.

ತಮ್ಮ ಎರಡನೆಯ ಪ್ರಶ್ನೆ ವರ್ತಕರ ಪ್ರಶ್ನೆಯೇ ಸರಿ. 1980ರ ದಶಕದ ಕೊನೆಯಲ್ಲಿ ಜಪಾನಿನ ಬಳಿ ಹಣ ಉಕ್ಕುತ್ತಿದ್ದಾಗ ಯುವಕರೆಲ್ಲ ಸ್ಕೀ ಹಿಡಿದರು. ಯುಜಾವಾದಲ್ಲಿ ಟೋಕಿಯೊದವರು ವಾರಾಂತ್ಯಕ್ಕೆಂದು ಕೊಂಡ ಎತ್ತರದ ಅಪಾರ್ಟ್‌ಮೆಂಟುಗಳು ಸಾಲಾಗಿ ಎದ್ದವು. 1990ರ ದಶಕದಲ್ಲಿ ಆ ಗುಳ್ಳೆ ಒಡೆಯಿತು, ಆಮೇಲೆ ಯುವಕರ ಸಂಖ್ಯೆಯೇ ಇಳಿಯುತ್ತ ಬಂತು. ಹಲವು ಸಣ್ಣ ತಾಣಗಳು ಮುಚ್ಚಿದವು. ಆ ಅಪಾರ್ಟ್‌ಮೆಂಟುಗಳಲ್ಲಿ ಕೆಲವು ಈಗ ಕೊಂಡ ಬೆಲೆಯ ಸಣ್ಣ ಚೂರಿಗೆ ಮಾರಾಟಕ್ಕಿವೆ, ಮಾಸಿಕ ನಿರ್ವಹಣಾ ಶುಲ್ಕವೇ ಭಾರವೆಂದು ಕೊಳ್ಳುವವರಿಲ್ಲ. ಲಕ್ಷ ಜನರಿಗೆಂದು ಕಟ್ಟಿದ ಲಿಫ್ಟಿನಲ್ಲಿ ನಾನೊಬ್ಬನೇ ರಾಜನಂತೆ ಕೂತು ಮೇಲೇರಿದ್ದಕ್ಕೆ ಇದೇ ಕಾರಣ. ಶನಿವಾರ, ಭಾನುವಾರ ಮತ್ತು ಹೊರದೇಶದ ಪ್ರವಾಸಿಗಳಿಂದ ಉಳಿದ ತಾಣಗಳು ಉಸಿರಾಡುತ್ತಿವೆ.

ಪ್ರಶ್ನೆ: ಸ್ಕೀ ಜಪಾನೀಯರ ಹಳೆಯ ಆಟವೆ?
ಹೈಸ್ಕೂಲು ವಿದ್ಯಾರ್ಥಿನಿ, ಶ್ರೀರಂಗಪಟ್ಟಣ

ಉತ್ತರ: ಅಲ್ಲ ಮಗು. 1911ರಲ್ಲಿ ಆಸ್ಟ್ರಿಯಾ-ಹಂಗೇರಿಯ ಸೇನಾಧಿಕಾರಿ ಥಿಯೊಡೋರ್ ಫಾನ್ ಲೆರ್ಕ್ ಎಂಬುವರು ನೀಗಾಟಾ ಪ್ರಾಂತ್ಯದ ತಕಾದಾ ಊರಿನಲ್ಲಿ ಅಲ್ಲಿನ ಸೈನಿಕರಿಗೆ ಕಲಿಸಿದರು, ಅದೂ ಎರಡು ಕೋಲಿನ ಬದಲು ಒಂದೇ ಉದ್ದ ಕೋಲು ಹಿಡಿದು. ಅದಕ್ಕೇ ಇಂದಿಗೂ ಅಲ್ಲಿನ ಸ್ಕೀ ಮಾತುಗಳು ಜರ್ಮನ್ ಮೂಲದವು. ಇಳಿಜಾರಿಗೆ ಗೆರೆಂದೆ ಎನ್ನುತ್ತಾರೆ, ಕೋಲಿಗೆ ಸುತೊಕ್ಕು. ಪಟ್ಟಿಗಳ ಮುಂತುದಿ ಕೂಡಿಸಿ ಹಿಂತುದಿ ಅಗಲಿಸಿ ವೇಗ ತಗ್ಗಿಸುವುದಕ್ಕೆ ಬೋಗೆನ್. ನನಗೆ ಕಲಿಸಿದ ಹುಡುಗ ಬೋಗೆನ್, ಬೋಗೆನ್ ಎಂದು ಕೂಗುತ್ತಲೇ ಇದ್ದ, ನಾನು ಅದು ಅವನ ಹೆಸರೆಂದು ತಿಳಿದು ಕೊನೆಗೆ ಬೋಗೆನ್ ಅವರಿಗೆ ವಂದನೆ ಎಂದು ಹೇಳಿ ಬಂದೆ. ಲೆರ್ಕ್ ಕಲಿಸಿದ 61 ವರ್ಷಗಳ ನಂತರ, 1972ರಲ್ಲಿ ಸಪ್ಪೊರೊದಲ್ಲಿ, ಮತ್ತೆ 1998ರಲ್ಲಿ ನಾಗಾನೊದಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದವು.

ಪ್ರಶ್ನೆ: ಇಷ್ಟೆಲ್ಲ ಲೆಕ್ಕ ಹಾಕಿ ಹೋದ ದಿನವೇ ಬಿಸಿಲು ಬಾರದಿದ್ದರೆ?
ಜಯಲಕ್ಷ್ಮೀಪುರಂನ ಓದುಗರು, ಮೈಸೂರು

ಉತ್ತರ: ಸಾದಾ ಹಿಮ ಬಿದ್ದರೆ ಚಿಂತೆಯಿಲ್ಲ, ಅದೂ ನೋಡತಕ್ಕದ್ದೇ. ಗಾಳಿ ಎದ್ದರೆ ಮಾತ್ರ ಲಿಫ್ಟು, ತೂಗುಪೆಟ್ಟಿಗೆಗಳನ್ನು ನಿಲ್ಲಿಸುತ್ತಾರೆ, ಆಗ ಕೆಳಗೆ ಕೂತು ಕಾಯುವುದಷ್ಟೇ ಕೆಲಸ. ಆದ್ದರಿಂದ ಮಂಗಳವಾರದಿಂದ ಗುರುವಾರದವರೆಗೆ ಮೂರು ದಿನಗಳನ್ನೂ ಬಿಡುವಾಗಿಟ್ಟುಕೊಂಡು, ಯಾವ ದಿನದ ಟಿಕೆಟನ್ನೂ ಮುಂಗಡ ಕೊಳ್ಳದೆ ಇರಿ. ಅಗ್ಗದ ಜೋಡಿ ಟಿಕೆಟನ್ನು ಹಿಂದಿನ ದಿನವೇ ಕೊಳ್ಳಬೇಕೆಂದಿದ್ದರೆ ಹಿಂದಿನ ಸಂಜೆಯ ಹವಾಮಾನ ವರದಿ ನೋಡಿ ತೀರ್ಮಾನಿಸಿ. ಹೆಚ್ಚಿನ ತಾಣಗಳು ಬೆಟ್ಟದ ಮೇಲಿನ ಕ್ಯಾಮೆರಾದ ನೇರ ಚಿತ್ರವನ್ನು ಅಂತರ್ಜಾಲದಲ್ಲಿ ತೋರಿಸುತ್ತವೆ. ಬೆಳಿಗ್ಗೆ ಆರಕ್ಕೆ ಅದರಲ್ಲಿ ಲಿಫ್ಟಿನ ಕಂಬದ ನೆರಳು ಹಿಮದ ಮೇಲೆ ಉದ್ದಕ್ಕೆ ಬಿದ್ದಿದ್ದರೆ ಬುತ್ತಿ ಕಟ್ಟಿ. ಏಳರ ರೈಲು ಸಿಗುತ್ತದೆ.